ಒದ್ದೆಯಾಗದ ಕಾಗದ

ಆಗೆಲ್ಲ ಶಹಾಬಾದಿನ ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದಿಗೇ ಬೆಳಗಾಗುತ್ತಿತ್ತು. ಐನಾಪುರದ ಅಜ್ಜ ತೀರಿಕೊಂಡ ಸುದ್ದಿ ಬಂದಾಗ ನಾನು ಜೋಳದ ಹಿಟ್ಟು ಸಾಣಿಸುತ್ತಿದ್ದೆ. ನನಗೆ ಹತ್ತು ವರ್ಷ. ಅವ್ವ ಹಂಚಿನ ಮೇಲಿದ್ದ ರೊಟ್ಟಿ ಇಳಿಸಿ ಎದ್ದಳು. ಎದ್ದವಳು ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದಳು.

ತಿಂಗಳ ಹಿಂದೆ ಆಕೆಗೆ ಜ್ವರ ಬಂದಿತ್ತು. ಅದು ಬಿಟ್ಟ ಮೇಲೆ ಕೈಕಾಲು ಜೋಮು ಹಿಡಿದವು, ಬಾಯಿ ಒಣಗಿತು. ಆ ಬಿಸಿಲಿನಲ್ಲೂ ಮೈಯಲ್ಲಿ ಬೆವರಿಲ್ಲ. “ನಿನಗ ಬ್ಯಾಸಗಿನೇ ಇಲ್ಲ ನೋಡವ್ವ, ಪುಣ್ಯವಂತಿ,” ಎಂದು ನೆರೆಮನೆಯ ಕಾಕು ನಗುತ್ತಿದ್ದಳು. ನಾವು ನಿಶ್ಶಕ್ತಿ ಎಂದುಕೊಂಡೆವು.

ಐನಾಪುರದಲ್ಲಿ ಅಜ್ಜನಿಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ಮಗಳಾದವಳು ಹೊಸ್ತಿಲಿಂದಲೇ ಹಾಡಿಕೊಂಡು ಅಳಬೇಕು.

“ಸಂತಿಗಿ ಹೋದ್ರ ನನಗ ಬಳಿ ತರಾಂವ, ಎಲ್ಲಿ ಹೋದ್ಯೋ ಯಪ್ಪಾ...”

ಅವ್ವನ ಧ್ವನಿ ಒಡೆದಿತ್ತು. ಕಣ್ಣು ಒಣಗಿತ್ತು.

“ಹಡೆದಪ್ಪ ಹೋಗ್ಯಾನ, ಒಂದು ಹನಿ ನೀರಿಲ್ಲ. ಶಹಾಬಾದಕ್ಕ ಕೊಟ್ಟೀವಿ, ಅಲ್ಲೀ ಫರಸಿಕಲ್ಲೇ ಆಗ್ಯಾಳ!” ಎಂದಳು ಅತ್ತಿ, ಮಾಮನ ಹೆಂಡತಿ, ಎಲ್ಲರಿಗೂ ಕೇಳುವಂತೆ. ಅವ್ವನ ಅಣ್ಣನೇ ಆದ ಮಾಮ ಮುಖ ತಿರುಗಿಸಿದ. ಹೊರಡುವಾಗ ನಾಗರ ಪಂಚಮಿಗೆ ಕರೆಯಲು ಬರುತ್ತೇನೆಂದು ಹೇಳಲಿಲ್ಲ. ಅಣ್ಣ ಕರೆಯಲು ಬರದಿದ್ದರೆ ತವರು ಮುಗಿದಂತೆ.

ಊರಿಗೆ ಮರಳಿದ ಮೇಲೆ ಒಂದು ಮುಂಜಾನೆ ಅವ್ವ ರೊಟ್ಟಿ ತಿರುವುತ್ತ, “ಏನೋ ಸುಟ್ಟ ವಾಸನಿ ಬರ್ಲಿಕತ್ತದ, ನೋಡವ್ವಿ,” ಎಂದಳು. ಹಂಚಿಗೆ ತಾಗಿ ಸುಡುತ್ತಿದ್ದದ್ದು ಆಕೆಯ ಬೆರಳೇ.

ಅಪ್ಪ ದೊಡ್ಡ ಆಸ್ಪತ್ರೆಗೆ ಒಯ್ದ. ಡಾಕ್ಟರರು ಆಕೆಯ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಕಾದರು. ಅದು ಒದ್ದೆಯಾಗಲಿಲ್ಲ.

“ಇದು ನರದ ಬ್ಯಾನಿ ತಾಯಿ, ಭಾಳ ಅಪರೂಪ. ಬೆವರು, ಕಣ್ಣೀರು, ಬಿಸಿ ತಿಳಿಯೋದು, ಎಲ್ಲಾ ನರದ ಕೆಲಸ.”

“ಸಾಹೇಬ್ರ, ಆ ಕಾಗದ ನನಗ ಕೊಡ್ರಿ,” ಎಂದ ಅಪ್ಪ.

“ಒಣಾ ಕಾಗದ, ಯಾಕ?”

“ಒಣಾ ಅದ ಅಂತೇ ಬೇಕ್ರಿ.”

ಅಪ್ಪ ಅದನ್ನು ಐನಾಪುರಕ್ಕೆ ಒಯ್ದ. ಅತ್ತಿ ತಿರುವಿ ನೋಡಿ, “ಇದರಾಗ ಏನೂ ಬರದಿಲ್ಲಲ್ರಿ?” ಎಂದಳಂತೆ.

“ನಿನ್ನ ಕಣ್ಣಾಗ ಇಟ್ಟು ನೋಡು ತಂಗಿ, ಹಸಿ ಆಗ್ತದ. ನಮ್ಮಾಕಿದು ಆಗಲಿಲ್ಲ.”

ಪಂಚಮಿಗೆ ಎರಡು ದಿನವಿರುವಾಗ ಮಾಮ ಬಂದ, ಚೀಲದ ತುಂಬ ಹಬ್ಬದ ಜೋಳದ ಅಳ್ಳು ತಂದಿದ್ದ. ಅವ್ವನ ಸುಟ್ಟ ಬೆರಳು ಹಿಡಿದು ಅತ್ತ. ಆಕೆ ಒಣಗಣ್ಣಿನಲ್ಲಿ ನೋಡುತ್ತ ಕುಳಿತಿದ್ದಳು. ಬಂದನಲ್ಲ, ಅದೇ ಬಸವಣ್ಣನ ದಯೆ.

ವರ್ಷದ ಮೇಲೆ ಬೆವರು ಬಂತು, ಕಣ್ಣೀರೂ ಅಷ್ಟಿಷ್ಟು ಬಂತು. ಬೆರಳಿಗೆ ಬಿಸಿ ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ. ಆಕೆ ತಟ್ಟುತ್ತಿದ್ದಳು, ನಾನು ತಿರುವುತ್ತಿದ್ದೆ.

ಅವ್ವ ಹೋದ ದಿನ ನನಗೂ ಕಣ್ಣೀರು ಬರಲಿಲ್ಲ. ನನಗೆ ಯಾವ ಬೇನೆಯೂ ಇರಲಿಲ್ಲ. ಹಾಡಿಕೊಂಡು ಅಳುವವರು ಈಗಿಲ್ಲ. ಯಾಕೆ ಅಳಲಿಲ್ಲ ಎಂದು ಬೈಯುವ ಅತ್ತಿಯೂ ಉಳಿದಿರಲಿಲ್ಲ. ಮಣ್ಣು ಮಾಡಿ ಬಂದ ಮೂರನೆಯ ದಿನ ಒಲೆಯ ಮುಂದೆ ಕುಳಿತೆ. ಅವ್ವನಿಗೆ ತಿಳಿಯದಿದ್ದ ಹಂಚಿನ ಬಿಸಿ ನನ್ನ ಬೆರಳಿಗೆ ಚುರ್ರೆಂದಿತು. ಶರಣು ಬಸವಾ ಎಂದು ರೊಟ್ಟಿ ತಿರುವಿ ಹಾಕಿದೆ.