ಪುಟ್ಟಮಾದಯ್ಯನ ಬೋಟು, ಪುಟ್ಟಮಾದಯ್ಯನ ಭುಜ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಪುಟ್ಟಮಾದಯ್ಯ ಬೋಟಿನ ಮೂತಿಗೆ ಕಟ್ಟಿದ ಹಗ್ಗವನ್ನು ಭುಜದ ಮೇಲೆ ಹಾಕಿಕೊಂಡು, ಹಿಮ್ಮಡಿಯನ್ನು ಮಣ್ಣಿಗೆ ಊರಿ ಎಳೆಯುತ್ತಿದ್ದ. ಬೋಟು ಒಂದು ಗೇಣು ಬಂದು ನಿಂತುಬಿಟ್ಟಿತು. ಇನ್ನೊಮ್ಮೆ ಎಳೆದ. ಈ ಸಲ ಅದು ಕದಲಲೂ ಇಲ್ಲ. ಹಗ್ಗ ಬಿಟ್ಟು ಅಲ್ಲೇ ಕೂತ.

ಉಡುತೊರೆ ಡ್ಯಾಮಿನಲ್ಲಿ ಮೀನು ಹಿಡಿಯುವವರೆಲ್ಲ ತೆಪ್ಪದವರು. ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಸಿ, ಟಾರು ಬಳಿದು, ತಲೆಯ ಮೇಲೆ ಹೊತ್ತುಕೊಂಡು ಓಡಾಡುವಂಥ ಹಗುರದ ತೆಪ್ಪಗಳು. ಫೈಬರ್ ಬೋಟು ಇದ್ದದ್ದು ಪುಟ್ಟಮಾದಯ್ಯನೊಬ್ಬನಿಗೆ. ಏಳು ವರ್ಷದ ಹಿಂದೆ ಸಬ್ಸಿಡಿಯಲ್ಲಿ ಬಂದದ್ದು. ಹದಿನಾಲ್ಕು ಅಡಿ ಉದ್ದ, ನೀಲಿ ಬಣ್ಣ. ಮೊದಲ ಮೂರು ವರ್ಷ ಅವನೂ ಹೆಂಡತಿ ರತ್ನನೂ ಇಬ್ಬರೇ ಅದನ್ನು ನೀರಿಗೆ ನೂಕಿ, ಇಬ್ಬರೇ ಎಳೆದು ದಡಕ್ಕೆ ಹಾಕುತ್ತಿದ್ದರು. ಆಮೇಲೆ ಸ್ವಲ್ಪ ಕಷ್ಟವಾಯಿತು, ಬರುಬರುತ್ತ ಬಹಳ ಕಷ್ಟವಾಯಿತು. ಹುಟ್ಟು ಹಾಕಿದರೆ ಬೋಟು ಮೊದಲಿನಂತೆ ಮುಂದಕ್ಕೆ ಹರಿಯುತ್ತಿರಲಿಲ್ಲ. ಭುಜದ ಕೀಲು ರಾತ್ರಿಯೆಲ್ಲ ನೋಯುತ್ತಿತ್ತು.

ಹೀಗಾದಾಗ ಕಾರಣ ಎರಡರಲ್ಲೊಂದು ಇರಬೇಕು. ಬೋಟು ಭಾರವಾಗಿರಬೇಕು, ಇಲ್ಲವೇ ತೋಳು ಸೋತಿರಬೇಕು. ಬೋಟು ಹುಲ್ಲು ತಿಂದು ಕೊಬ್ಬುವ ಎಮ್ಮೆಯಲ್ಲ. ಹಾಗಾಗಿ ಪುಟ್ಟಮಾದಯ್ಯ ತನ್ನ ತೋಳನ್ನೇ ಅನುಮಾನಿಸಿದ. ಹೋಲಿಸಿ ನೋಡಲು ಡ್ಯಾಮಿನಲ್ಲಿ ಇನ್ನೊಂದು ಬೋಟು ಇರಲಿಲ್ಲ.

ಒಮ್ಮೆ ತೋಳು ಸೋತಿದೆ ಎಂದುಕೊಂಡ ಮೇಲೆ ಮಿಕ್ಕ ಮೈಯೂ ಅದನ್ನೇ ನಂಬತೊಡಗಿತು. ಪ್ರತಿ ವರ್ಷ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡೇ ಹೋಗುತ್ತಿದ್ದವನು ಬಸ್ಸು ಹತ್ತಿದ. ದೂರದ ಕೊಲ್ಲಿಗೆ ಬಲೆ ಬಿಡುವುದನ್ನು ನಿಲ್ಲಿಸಿ ದಡದ ಆಸುಪಾಸಿನಲ್ಲೇ ಬಿಟ್ಟ. ಅಲ್ಲಿ ಸಿಗುವುದು ಬೆರಳುದ್ದದ ಜಿಲೇಬಿ ಮೀನು. ಕೂತಲ್ಲಿಂದ ಏಳುವಾಗ ಮೊಣಕಾಲಿಗೆ ಕೈ ಊರುವ ಅಭ್ಯಾಸ ಬಂತು. ಮಾತಿನಲ್ಲೂ "ನನ್ ಕಾಲ ಮುಗೀತು ಬುಡು" ಎಂಬುದು ಸೇರಿಕೊಂಡಿತು.

ಕೊನೆಗೆ ಮೀನುಗಾರರ ಸೊಸೈಟಿಯ ಪಾಸನ್ನು ಅಕ್ಕನ ಮಗ ಬಿಳಿಗಿರಿಗೆ ವರ್ಗಾಯಿಸುತ್ತೇನೆ ಎಂದು ಮಾತು ಕೊಟ್ಟ. ಪಾಸು ಇದ್ದರೆ ಮಾತ್ರ ಡ್ಯಾಮಿನಲ್ಲಿ ಬಲೆ ಬಿಡಬಹುದು. ಒಮ್ಮೆ ಕೊಟ್ಟರೆ ವಾಪಸು ಬರುವುದಿಲ್ಲ. ಬಿಳಿಗಿರಿ ಕೊಳ್ಳೇಗಾಲದಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದವನು ಅದನ್ನು ಬಿಟ್ಟು ಊರಿಗೆ ಬಂದ. ಎರಡು ದಿನ ಹುಟ್ಟು ಹಾಕಿ ನೋಡಿ ಕೈ ಒದರಿದ.

"ಮಾವ, ಇದು ಬೋಟಲ್ಲ ಕಣಪ್ಪ, ಒಳಕಲ್ಲು. ಎಂಜಿನ್ ಇಲ್ದೆ ನನ್ ಕೈಲಾಗದು."

ಇಪ್ಪತ್ತಾರರ ಹುಡುಗನಿಗೂ ಭಾರವಾಯಿತು ಎಂದರೆ ಪುಟ್ಟಮಾದಯ್ಯನಿಗೆ ಆಗಲೇ ಹೊಳೆಯಬೇಕಿತ್ತು. ಅವನು ಅದನ್ನು ಬೇರೆ ರೀತಿ ಅರ್ಥಮಾಡಿಕೊಂಡ. "ಈಗಿನ್ ಐಕ್ಳ ಮೈಯ್ಲಿ ಏನದ, ಬರೀ ಗಾಳಿ," ಎಂದ.

ಬೋಟನ್ನು ರಿಪೇರಿ ಮಾಡಿಸಿ, ಎಂಜಿನ್ ಕೂರಿಸಿ ಕೊಡುವುದೆಂದು ಆಯಿತು. ಬಿಳಿಗಿರಿ ಶಾಗ್ಯದ ಒಬ್ಬ ರೈತನಿಂದ ಕಳೆ ತೆಗೆಯುವ ಮೆಷಿನ್ನಿನ ಹಳೆಯ ಪೆಟ್ರೋಲ್ ಎಂಜಿನ್ ತಂದ. ಹನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಶಾಂತರಾಜು ಅದಕ್ಕೆ ಉದ್ದನೆಯ ರಾಡು, ರಾಡಿನ ತುದಿಗೆ ಫ್ಯಾನು ಸೇರಿಸಿದ. ಅದನ್ನು ಕೂರಿಸಲು ಅವನು ಬರುವ ದಿನವೇ ಪುಟ್ಟಮಾದಯ್ಯ ಬೆಳಗಾಗುತ್ತಲೇ ಒಬ್ಬನೇ ಹಗ್ಗ ಹಿಡಿದದ್ದು. ಕೊನೆಯ ಸಲ ತಾನೇ ಎಳೆಯಬೇಕು ಎನಿಸಿತ್ತು. ಆಗಲಿಲ್ಲ. ಏಳೂವರೆಗೆ ಬಿಳಿಗಿರಿಯೂ ನಾಲ್ವರು ತೆಪ್ಪದವರೂ ಸೇರಿ, ಮೂತಿ ಮೇಲಕ್ಕೂ ಹಿಂಬದಿ ನೀರಿನ ಕಡೆಗೂ ಇರುವಂತೆ ಬೋಟನ್ನು ದಡಕ್ಕೆ ತಂದರು.

ಶಾಂತರಾಜು ಹಿಂಬದಿಯ ಹಲಗೆಯ ಮೇಲೆ ಕಬ್ಬಿಣದ ಪಟ್ಟಿ ಇಟ್ಟು, ಬೋಲ್ಟ್ ಬರುವ ಕಡೆ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಹಾಕಿದ. ಮೇಲಿನ ಎರಡು ತೂತು ಸಲೀಸಾಗಿ ಆದವು. ಕೆಳಗಿನದಕ್ಕೆ ಡ್ರಿಲ್ ಇಳಿಸಿ ಹೊರಗೆಳೆದ ಕೂಡಲೇ ಅವನ ಎದೆಗೆ ನೀರು ಚಿಮ್ಮಿತು.

"ಅಯ್ಯಯ್ಯೋ! ಏನಣ್ಣ, ಬೋಟು ಉಚ್ಚೆ ಉಯ್ತದಲ್ಲ!"

ಎಲ್ಲರೂ ನಕ್ಕರು. ನೀರು ನಿಲ್ಲಲಿಲ್ಲ. ನಾತ ಹಿಡಿದ, ಕಂದುಬಣ್ಣದ ನೀರು. ಶಾಂತರಾಜು ಬಗ್ಗಿ ಹಿಂಬದಿಯನ್ನು ಕೈಯಿಂದ ಸವರುತ್ತ ಹೋದ. ತಳದ ಹತ್ತಿರ, ನೀಲಿ ಬಣ್ಣದ ಅಡಿಯಲ್ಲಿ, ಅಡಿಕೆಯಷ್ಟು ದಪ್ಪನಾದ ಗಂಟೊಂದು ಸಿಕ್ಕಿತು.

"ಇದೇನಣ್ಣ ಇಲ್ಲಿ?"

"ಅದಾ? ಒಂದ್ ತೂತಿತ್ತು. ಎಂ-ಸೀಲ್ ಹಾಕ್ ಮುಚ್ದಿ."

"ಯಾವಾಗ?"

"ಬೋಟ್ ಬಂದ್ ದಿನಾನೇ. ಯಾರೋ ಅರಿಯದವ್ರು ತಳದಲ್ಲಿ ತೂತ್ ಬುಟ್ಟು, ಅದ್ಕ ಒಂದು ಬಿರಡೆ ತಿರುಗ್ಸಿದ್ರು. ಬಿರಡೆ ಯಾವತ್ತಿದ್ರೂ ಸಡ್ಲ ಆಯ್ತದಲ್ವಾ, ಅದ್ಕ ಕಿತ್ತಾಕಿ ಬಿಗ್ಯಾಗಿ ಮೆತ್ತುದಿ."

ಮೂವತ್ತು ವರ್ಷ ತೆಪ್ಪದಲ್ಲಿ ಬದುಕಿದವನಿಗೆ ತೂತು ಎಂದರೆ ಒಂದೇ ಅರ್ಥ. ತೆಪ್ಪದ ತಳದಲ್ಲಿ ಸಾಸಿವೆಯಷ್ಟು ತೂತು ಕಂಡರೂ ಟಾರು ಕಾಯಿಸಿ ಮುಚ್ಚಬೇಕು. ಆದರೆ ಫೈಬರ್ ಬೋಟಿಗೆ ಎರಡು ತಳ ಇರುತ್ತದೆ. ನೀರಿಗೆ ತಾಗುವ ತಳ ಒಂದು, ನಾವು ಕಾಲಿಡುವ ತಳ ಒಂದು. ನಡುವಿನ ಜಾಗದಲ್ಲಿ ಥರ್ಮಾಕೋಲ್ ಮತ್ತು ಗಾಳಿ. ಬೋಟು ಮಗುಚಿದರೂ ಮುಳುಗದಿರುವುದು ಅದರಿಂದ. ಆ ಜಾಗಕ್ಕೆ ಅಷ್ಟಿಷ್ಟು ನೀರು ಜಿನುಗಿಯೇ ಜಿನುಗುತ್ತದೆ. ಬೋಟು ದಡದಲ್ಲಿದ್ದಾಗ ಬಿರಡೆ ತೆಗೆದು ಬಸಿಯಬೇಕು. ಪುಟ್ಟಮಾದಯ್ಯನ ಬೋಟಿನಲ್ಲಿ ಒದ್ದೆ ಬಲೆಯ ನೀರು ಅಂಚಿನ ಕೂದಲೆಳೆಯ ಬಿರುಕುಗಳಿಂದ ದಿನಕ್ಕೆ ಲೋಟದಷ್ಟೋ ಅರ್ಧ ಲೋಟದಷ್ಟೋ ಇಳಿಯುತ್ತಿತ್ತು. ಹೊರಗೆ ಹೋಗಲು ದಾರಿ ಇರಲಿಲ್ಲ. ಥರ್ಮಾಕೋಲ್ ತುಂಬಿದ್ದರಿಂದ ಒಳಗೆ ಕುಲುಕುವ ಸದ್ದೂ ಇರಲಿಲ್ಲ. ಆಯುಧಪೂಜೆಗೆ ಪ್ರತಿ ವರ್ಷ ಬೋಟಿಗೆ ಬಣ್ಣ ಹೊಡೆಯುವಾಗ ಆ ಗಂಟಿನ ಮೇಲೂ ಒಂದು ಪದರ ಬೀಳುತ್ತಿತ್ತು.

ಶಾಂತರಾಜು ಉಳಿಯಿಂದ ಗಂಟು ಎಬ್ಬಿಸಿ, ಇಪ್ಪತ್ತು ಲೀಟರಿನ ಪೇಂಟ್ ಡಬ್ಬ ಹಿಡಿದ. ಚೆಲ್ಲಿದ್ದನ್ನು ಬಿಟ್ಟು ಆರು ಡಬ್ಬ ತುಂಬಿ ಏಳನೆಯದು ಅರ್ಧಕ್ಕೆ ಬಂತು. ಅಂದರೆ ನೂರಮೂವತ್ತು ಕಿಲೋ. ಖಾಲಿ ಬೋಟಿನ ತೂಕವೇ ಹೆಚ್ಚೂಕಡಿಮೆ ಅಷ್ಟಿದ್ದೀತು.

"ಮಾವ, ಇಷ್ಟ್ ದಿನ ಅರ್ಧ ಡ್ಯಾಮ್ನೇ ಒತ್ಕಂಡ್ ಓಡಾಡ್ದಿಯಲ್ಲ!" ಎಂದು ಬಿಳಿಗಿರಿ ನಕ್ಕ.

ಬುತ್ತಿ ತಂದಿದ್ದ ರತ್ನ ನಗಲಿಲ್ಲ. "ನಾಕು ವರ್ಸದಿಂದ ದಿನಾ ರಾತ್ರ ನಿನ್ ಭುಜುಕ್ಕ ಎಣ್ಣ ತಿಕ್ಕುದ್ನಲ್ಲ," ಎಂದಳು, "ಆ ಎಣ್ಣೇಲಿ ಒಂದು ವರ್ಸ ಒಗ್ಗರಣ ಆಯ್ತಿತ್ತು."

ಪುಟ್ಟಮಾದಯ್ಯ ಡಬ್ಬದ ನೀರನ್ನೇ ನೋಡುತ್ತಿದ್ದ. ಖುಷಿಯಾಗಬೇಕಿತ್ತು. ಅವನಿಗೆ ಬಂದದ್ದು ಆಯಾಸ. ಅಲ್ಲೇ ಹೊಂಗೆ ನೆರಳಿನಲ್ಲಿ ಟವಲ್ ಹಾಸಿ ಮಲಗಿ, ಮಧ್ಯಾಹ್ನದವರೆಗೆ ನಿದ್ದೆ ಮಾಡಿದ.

ಮುಂದಿನ ಒಂದು ವಾರ ರಿಪೇರಿ. ಮೇಲಿನ ತಳವನ್ನು ಕುಯ್ದು ಕೊಳೆತ ಥರ್ಮಾಕೋಲನ್ನು ಬಾಚಿ ತೆಗೆದರು. ಒಳಗನ್ನು ಬಿಸಿಲಿಗೆ ಒಣಗಿಸಿ, ಬಿರುಕುಗಳನ್ನು ಉಜ್ಜಿ, ಗಾಜಿನ ನಾರಿನ ಬಟ್ಟೆ ಇಟ್ಟು ರೆಸಿನ್ ಎಂಬ ಅಂಟು ಬಳಿದರು. ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ದ್ರಾವಣ ಹೆಚ್ಚಾದರೆ ಸುಟ್ಟು ಬಿರುಕು ಬಿಡುತ್ತದೆ, ಕಡಿಮೆಯಾದರೆ ಅಂಟಂಟಾಗಿಯೇ ಉಳಿಯುತ್ತದೆ. ಮೊದಲ ದಿನ ಶಾಂತರಾಜು ಕಲಸಿದ್ದು ಮಗ್ಗಿನಲ್ಲೇ ಕಲ್ಲಾಯಿತು. ಹೊಸ ಥರ್ಮಾಕೋಲ್ ಹಾಕಿ ಮುಚ್ಚಿ, ತೂತಿಗೆ ಹಿತ್ತಾಳೆಯ ಬಿರಡೆ ಕೂರಿಸಿದರು. ಕೊನೆಗೆ ಎಂಜಿನ್ ಕೂತಿತು. ಬೋಟನ್ನು ನೀರಿಗೆ ಬಿಡುವ ದಿನ ಪುಟ್ಟಮಾದಯ್ಯ ಒಬ್ಬನೇ ನೂಕಿದ. ಅದು ಅವನು ನೆನೆಸಿದ್ದಕ್ಕಿಂತ ಬೇಗ ಜಾರಿತು. ಮುಗ್ಗರಿಸಿ ಮೊಣಕಾಲವರೆಗೆ ನೀರಿಗೆ ಬಿದ್ದ.

ಭುಜದ ನೋವು ಹೋಗಲಿಲ್ಲ. ಅಷ್ಟು ವರ್ಷ ಜಗ್ಗಿದ ಕೀಲು ಒಂದು ವಾರದಲ್ಲಿ ಸರಿಯಾಗುವುದಿಲ್ಲ. ಯಾವ ದಣಿವು ನೀರಿನದು, ಯಾವುದು ತನ್ನದು ಎಂದು ಬೇರೆ ಮಾಡುವುದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಿದ್ದದ್ದು ಒಂದೇ: ಸೋಮವಾರ ಸೊಸೈಟಿಯಲ್ಲಿ ಪಾಸಿನ ವರ್ಗಾವಣೆಗೆ ಹೆಬ್ಬೆಟ್ಟು ಒತ್ತಬೇಕು, ಮಾತು ಕೊಟ್ಟಾಗಿದೆ.

ಸೋಮವಾರ ಇಬ್ಬರೂ ಬಿಳಿಗಿರಿಯ ಬೈಕಿನಲ್ಲಿ ಹೊರಟರು. ಸೊಸೈಟಿಯ ಬಾಗಿಲಲ್ಲಿ ಇಳಿದ ಮೇಲೆ ಪುಟ್ಟಮಾದಯ್ಯ ಒಳಗೆ ಹೋಗದೆ ನಿಂತ.

"ಪಾಸ್ ಕೊಡಾಕಾಗದು ಕಣ್ಲಾ."

ಬಿಳಿಗಿರಿ ಬೈಕಿನ ಕೀ ತೆಗೆಯುತ್ತಿದ್ದವನು ನಿಂತ. "ಅದೇನ್ ಮಾವ ಇಂಗಂದೈ? ಆಟೋ ಬುಟ್ ಬಂದಿವ್ನಿ ನಾನು. ನೀನೇ ತಾನೆ ಮಾತ್ ಕೊಟ್ಟಿದ್ದು?"

"ಕೊಟ್ಟೋನು ನಾನೇ ಕಣಪ್ಪ. ಆದ್ರ ಆಗ ನಂಗ ಗೊತ್ತಿರ್ನಿಲ್ಲ."

"ಗೊತ್ತಾದ್ ಮ್ಯಾಕೆ ಮಾತು ಬದ್ಲಾಯ್ತದಾ?"

ಹುಡುಗ ಹೇಳಿದ್ದು ತಪ್ಪಲ್ಲ. ಪುಟ್ಟಮಾದಯ್ಯ, "ಎಂಜಿನ್ ನೀ ಹಿಡಿ, ಬಲೆ ನಾ ಹಿಡಿತೀನಿ. ಬಂದದ್ರಲ್ಲಿ ಸಮಪಾಲು. ಪಾಸ್ ಮಾತ್ರ ಈಗ ಬ್ಯಾಡ ಕಣಪ್ಪ," ಎಂದ.

"ಅಕ್ಕನ್ ಮಗುನ್ಗ ಕೂಲಿ ಕೆಲ್ಸ ಅನ್ನು."

"ಊ, ಅಂಗೇ ಅನ್ನು. ಬಯ್ಯಿ. ಬಯ್ದಾದ್ ಮ್ಯಾಲೆ ನಾಳ ಬೆಳಿಗ್ಗೆ ಬಾ."

ಬಿಳಿಗಿರಿ ಒಳಗೂ ಬರಲಿಲ್ಲ, ಬೈಕು ಹತ್ತಿ ಹೋಗಲೂ ಇಲ್ಲ. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ.

ಸೆಕ್ರೆಟರಿ ಕುಮಾರಸ್ವಾಮಿ ಒಳ್ಳೆಯ ಮನುಷ್ಯ, ಆದರೆ ಬರೆದಿಟ್ಟದ್ದನ್ನು ಹೊಡೆದುಹಾಕಲು ಬೇಜಾರು. ಪುಟ್ಟಮಾದಯ್ಯ ಒಳಗೆ ಬಂದು ವಿಷಯ ಹೇಳಿದ ಮೇಲೆ ವರ್ಗಾವಣೆಯ ಅರ್ಜಿಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟ.

"ಏನಯ್ಯ ಮಾದಯ್ಯ, ಆಟ ಆಡ್ತೀಯಾ? ವಯಸ್ಸಾಯ್ತು, ಕೈಲಾಗಲ್ಲ, ಅಂತ ನೀನೇ ಹೇಳಿ ಬರೆಸಿದ್ದಲ್ವಾ?"

"ಊ ಸಾ. ನಾನೇ."

"ಈಗ ವಯಸ್ಸು ಇಳಿದುಹೋಯ್ತಾ?"

"ಇಲ್ಲ ಸಾ. ಸುಸ್ತದ. ಆದ್ರೂ ಡ್ಯಾಮ್ಗ ಓಯ್ತೀನಿ."

"ಅಲ್ಲಯ್ಯ, ಕಮಿಟಿಯವರು ಕೇಳಿದರೆ ನಾನು ಹೇಳಬೇಕಲ್ಲ. ಸರಿಯಾಗಿ ಹೇಳು, ನಿನಗೀಗ ಎಷ್ಟು?"

ಆ ಪ್ರಶ್ನೆಯನ್ನು ಯಾರೂ ಅವನಿಗೆ ಬಹಳ ದಿನದಿಂದ ಕೇಳಿರಲಿಲ್ಲ; ಅವನೂ ಕೇಳಿಕೊಂಡಿರಲಿಲ್ಲ. ಪುಟ್ಟಮಾದಯ್ಯ ಮನಸ್ಸಿನಲ್ಲೇ ಕೂಡಿದ, ನಂಬಿಕೆಯಾಗದೆ ಇನ್ನೊಮ್ಮೆ ಕೂಡಿದ. ಆಮೇಲೆ ಬಾಗಿಲಾಚೆ ಕೂತವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಐವತ್ತೊಂದು."