ಬೀಡಿ ಕಟ್ಟಿದ ಕೈಯಲ್ಲಿ ಕ್ರೋನದ ಸುರುಳಿ

ಬೆಳಗಿನ ಐದೂವರೆ. ಮೇ ತಿಂಗಳಾದ್ದರಿಂದ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನ ಮೇಲೆ ಆಗಲೇ ಬೆಳಕು ಬಿದ್ದಿದೆ. ಮೂರನೇ ಮಹಡಿಯ ಅಡುಗೆಮನೆಯಲ್ಲಿ, ಕಿಟಕಿಯ ಬುಡದಲ್ಲಿ, ಮುಮ್ತಾಜ್ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಮೇಜು, ಕುರ್ಚಿ ಎಲ್ಲ ಇವೆ. ಅವರಿಗೆ ಬೇಡ. ಮಡಿಲಲ್ಲಿ ತವರೂರು ಫರಂಗಿಪೇಟೆಯಿಂದ ವಿಮಾನ ಹತ್ತಿ ಬಂದ, ಮೊರದಂಥ ಬಿದಿರಿನ ಗೆರಸೆ. ಗೆರಸೆಯ ತುಂಬ ಬ್ಯಾಂಕಿನಿಂದ ತಂದ ಕಾಗದದ ಸುರುಳಿಗಳು. ಒಂದೊಂದರಲ್ಲೂ ಐವತ್ತು ನಾಣ್ಯ, ಎಲ್ಲವೂ ಒಂದು ಕ್ರೋನದವು. ಕ್ರೋನವೆಂದರೆ ಇಲ್ಲಿನ ರೂಪಾಯಿ.

ಹೆಬ್ಬೆರಳಿನ ಉಗುರಿನಿಂದ ಸುರುಳಿಯ ತುದಿ ಬಿಡಿಸುತ್ತಾರೆ. ನಾಣ್ಯಗಳನ್ನು ಚೆಲ್ಲುವುದಿಲ್ಲ. ಅಂಗೈಯಲ್ಲಿ ಒತ್ತಾಗಿ ಹಿಡಿದು, ಅಂಚುಗಳನ್ನು ಕಿಟಕಿಯ ಕಡೆ ತಿರುಗಿಸಿ, ಒಮ್ಮೆ ಕಣ್ಣಾಡಿಸುತ್ತಾರೆ. ಏನೂ ಇಲ್ಲ. ಅದೇ ಕಾಗದದಲ್ಲಿ ಮತ್ತೆ ಸುತ್ತಿ, ತುದಿಯನ್ನು ಉಗುರಿನಿಂದ ಒಳಕ್ಕೆ ತುರುಕಿ ಪಕ್ಕಕ್ಕಿಡುತ್ತಾರೆ. ಮುಂದಿನದು.

“ಅಂಚಲ್ಲಿ ಕೆಂಪು ಗೆರೆ ಕಂಡ್ರೆ ಅದು ಎಪ್ಪತ್ತರ ಆಚೀಚಿನದ್ದು, ಒಳಗೆ ತಾಮ್ರ. ಪೂರಾ ಬೂದು ಇದ್ರೆ ಈಗಿನದ್ದು. ಎರಡೂ ಅಲ್ಲ, ಹಾಲಿನ ಹಾಗೆ ಬಿಳಿ ಉಂಟಾ, ಅದನ್ನು ತೆಗೀಬೇಕು. ಅಷ್ಟೇ ಮಾರಾಯ್ರೆ, ಇದ್ರಲ್ಲಿ ಎಂತ ವಿದ್ಯೆ ಉಂಟು?” ಎಂದು ನಗುತ್ತಾರೆ.

ಹಾಲಿನ ಬಿಳಿ ಎಂದರೆ ಬೆಳ್ಳಿ. ಅರವತ್ತರ ದಶಕದ ಕೊನೆಯವರೆಗೆ ಸ್ವೀಡನ್ನಿನ ಕ್ರೋನದಲ್ಲಿ ಬೆಳ್ಳಿ ಇತ್ತು. ಲೋಹ ಬದಲಾಯಿತು, ಅಳತೆ, ತೂಕ ಬದಲಾಗಲಿಲ್ಲ. ಹಾಗಾಗಿ ನಾಣ್ಯ ಎಣಿಸುವ ಯಂತ್ರಕ್ಕೆ ಹಳತು ಹೊಸತು ಎಲ್ಲ ಒಂದೇ. ಯಾರದೋ ಅಜ್ಜಿ ತೀರಿಕೊಂಡಾಗ, ಆಕೆ ಕೂಡಿಟ್ಟ ಡಬ್ಬಿಯನ್ನು ಮೊಮ್ಮಕ್ಕಳು ಬ್ಯಾಂಕಿಗೆ ಸುರಿದಾಗ, ಒಂದೆರಡು ಬೆಳ್ಳಿ ಕ್ರೋನ ಈ ಸುರುಳಿಗಳೊಳಗೆ ಸೇರಿಕೊಳ್ಳುತ್ತವೆ. ಯಂತ್ರ ಬಿಟ್ಟದ್ದನ್ನು ಮುಮ್ತಾಜ್ ಹಿಡಿಯುತ್ತಾರೆ.

ಸೋಮವಾರ ಕಾಲುವೆಯ ಆಚೆಯ ಬ್ಯಾಂಕಿನಿಂದ ಸುರುಳಿ ತರುತ್ತಾರೆ. ನೋಡಿ ಮುಗಿದವನ್ನು ಈಚೆಯ ಬ್ಯಾಂಕಿಗೆ ಕೊಡುತ್ತಾರೆ, ನೋಡಿದ್ದೇ ಮತ್ತೆ ಕೈಗೆ ಬಾರದಿರಲಿ ಎಂದು. ಒಂದು ಬೆಳಗಿಗೆ ಇಪ್ಪತ್ತು ಸುರುಳಿ, ಸಾವಿರ ನಾಣ್ಯ. ಎಷ್ಟೋ ವಾರ ಒಂದೂ ಸಿಗುವುದಿಲ್ಲ. ಏಳು ಗಂಟೆಗೆ ಗೆರಸೆ ಗೋಡೆಗೆ ಒರಗುತ್ತದೆ. ಅವರು ಕೊಮ್ಯೂನ್, ಎಂದರೆ ಇಲ್ಲಿನ ಪುರಸಭೆ, ನಡೆಸುವ ಶಾಲೆಯ ಅಡುಗೆಮನೆಗೆ ಆಲೂಗಡ್ಡೆ ಸುಲಿಯಲು ಹೊರಡುತ್ತಾರೆ.

ಸಾವಿರ ಎಂಬ ಲೆಕ್ಕ ಅವರ ಕೈಗೆ ಹೊಸದಲ್ಲ. ಹತ್ತನೇ ವಯಸ್ಸಿನಿಂದ ಮದುವೆಯವರೆಗೆ, ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ, ದಿನಕ್ಕೆ ಸಾವಿರ ಬೀಡಿ ಕಟ್ಟಿದವರು ಇವರು. ಇದೇ ಗೆರಸೆ, ಇದೇ ಕೂರುವ ಭಂಗಿ. ಬೀಡಿಯ ತಲೆಯನ್ನು ಉಗುರಿನಿಂದ ಮಡಚಿ ಮುಚ್ಚುತ್ತಿದ್ದ ಬೆರಳೇ ಈಗ ಕ್ರೋನದ ಸುರುಳಿಯ ತುದಿ ಮುಚ್ಚುತ್ತದೆ. ಸಂಜೆ ಕಟ್ಟುಗಳನ್ನು ಹೊತ್ತು ಬೀಡಿ ಕಂಪನಿಯ ಬ್ರಾಂಚಿಗೆ ಹೋದರೆ ಅಲ್ಲಿಯವನು ಹಿಸುಕಿ ನೋಡಿ, ಒಂದಿಷ್ಟನ್ನು ಸರಿಯಿಲ್ಲವೆಂದು ಎತ್ತಿ ಬದಿಗಿಡುತ್ತಿದ್ದ. ಬದಿಗಿಟ್ಟದ್ದಕ್ಕೆ ಮಜೂರಿ ಇಲ್ಲ. ಆದರೆ ಅದು ವಾಪಸೂ ಬರುತ್ತಿರಲಿಲ್ಲ.

“ಬೀಡಿಯ ಒಂದೊಂದು ಕಟ್ಟಿಗೂ ಒಂದು ಚೀಟಿ ಅಂಟಿಸ್ತಿದ್ರು. ಚೀಟಿಯಲ್ಲಿ ಧಣಿಯ ಫೋಟೋ, ಮೀಸೆ, ಕೋಟು. ನಾನು ಸಣ್ಣವಳಿರುವಾಗ ಉಮ್ಮನ ಹತ್ರ ಕೇಳಿದ್ದೆ, ಇವರು ಯಾವಾಗ ಕಟ್ಟಿದ್ದು ಅಂತ. ಉಮ್ಮ ತಲೆಗೆ ಒಂದು ಕೊಟ್ಳು.”

ತಾಯಿಯಿಂದ ಏಟು ತಿಂದ ಆ ಹುಡುಗಿಯ ಪ್ರಶ್ನೆಗೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ. ಸೊಂಟ ಬಗ್ಗಿ ಕಟ್ಟಿದವಳು ಒಳಗೆ, ಕೋಟು ತೊಟ್ಟವನು ಚೀಟಿಯ ಮೇಲೆ. ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳುವುದು ಬಹಳ ಸುಲಭ. ಎಲೆಯನ್ನು ಅಡ್ಡ ಹಿಡಿದವರು ಯಾರು ಎಂದು ಕೇಳಬೇಕು.

ಮುಮ್ತಾಜರ ಪತಿ ಸಾದಿಕ್ ಪಾಲಿಟೆಕ್ನಿಕ್ ಓದಿದವರು. ಇಲ್ಲಿ ವಿಮಾನದ ಎಂಜಿನ್ನಿನ ಬಿಡಿಭಾಗ ಕೊರೆಯುವ ಯಂತ್ರದ ಮುಂದೆ ನಿಲ್ಲುತ್ತಾರೆ. ಎಂಟು ವರ್ಷಗಳ ಹಿಂದೆ ಅವರ ವರ್ಕ್ ಪರ್ಮಿಟ್ಟಿನ ಬೆನ್ನಿಗೇ ಹೆಂಡತಿಯೂ ಬಂದರು. ಭಾಷಾ ತರಗತಿಗೆ ಹೋದರು, ಶಾಲೆಯ ಅಡುಗೆಮನೆ ಸೇರಿದರು. ಬಸ್‌ಸ್ಟಾಪಿನ ಎದುರು ಬೆಂಗ್ಟ್ ಎಂಬ ಮುದುಕರ ನಾಣ್ಯದಂಗಡಿ. ಗಾಜಿನ ಹಿಂದೆ “ಹಳೆಯ ಕ್ರೋನ ಕೊಳ್ಳುತ್ತೇವೆ” ಎಂಬ ಫಲಕ. ಅದನ್ನು ದಿನಾ ಓದಿ ಓದಿ ಒಂದು ದಿನ ಒಳಗೆ ಹೋದರು. ಗುರುತು ಹಿಡಿಯುವುದು ಹೇಗೆಂದು ಬೆಂಗ್ಟ್ ಅವರೇ ತೋರಿಸಿಕೊಟ್ಟರು. ಅಂದಿನಿಂದ ಸಿಕ್ಕ ಬೆಳ್ಳಿಯೆಲ್ಲ ಅವರ ಅಂಗಡಿಗೆ. ಬೆಳ್ಳಿಯ ಒಂದು ಕ್ರೋನಕ್ಕೆ ಅವರು ಹತ್ತಿಪ್ಪತ್ತು ಕ್ರೋನ ಕೊಡುತ್ತಾರೆ. ಶ್ರೀಮಂತರಾಗುವ ಮಾತಲ್ಲ. ಆದರೆ ಅದು ಯಾರನ್ನೂ ಕೇಳದೆ ಖರ್ಚು ಮಾಡುವ ದುಡ್ಡು.

ಇಲ್ಲಿನ ಕನ್ನಡಿಗರಿಗೆ ಇದು ತಮಾಷೆ. ಯುಗಾದಿಗೆ ಬಾಡಿಗೆ ಹಾಲ್‌ನಲ್ಲಿ ಎಲ್ಲರೂ ಸೇರಿದ್ದಾಗ, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ ಲಾವಣ್ಯಾ ಕೇಳಿದರಂತೆ: “ಏನ್ ಮುಮ್ತಾಜ್ ಆಂಟಿ, ಬ್ಯಾಗಲ್ಲಿ ಚೇಂಜ್ ಇದ್ಯಾ? ಪಾರ್ಕಿಂಗ್ ಮೆಷಿನ್ ಕಾರ್ಡ್ ತಗೋತಾ ಇಲ್ಲ!”

“ಕೊಡುವ ಮಾರಾಯ್ತಿ, ಎಷ್ಟು ಬೇಕು? ಹಾಕುವಾಗ ಅಂಚು ನೋಡಿ ಹಾಕು. ಬೆಳ್ಳಿ ಹಾಕಿ ಕಾರು ನಿಲ್ಲಿಸಿದವಳು ಅಂತ ನಾಳೆ ನಿನ್ನ ಹೆಸರು ಬರ್ತದೆ” ಎಂದರಂತೆ ಇವರು.

ಹೆಸರು ಬರುವ ಆ ಮಾತನ್ನು ನಗುತ್ತಲೇ ಹೇಳಿದ್ದು. ಆದರೆ ಈ ವರ್ಷದ ಜಗಳ ಅದರದ್ದೇ.

ಊರಿನ ನಾಣ್ಯ ಸಂಗ್ರಾಹಕರ ಸಂಘ ಪ್ರತಿ ಮೇ ತಿಂಗಳು ಗ್ರಂಥಾಲಯದಲ್ಲಿ ಪ್ರದರ್ಶನ ಇಡುತ್ತದೆ. ಅದರಲ್ಲಿ ಒಂದು ಮರದ ತಟ್ಟೆಗೆ ವಿಶೇಷ ಮರ್ಯಾದೆ. ತಟ್ಟೆಯಲ್ಲಿ ನಾಣ್ಯ ಟಂಕಿಸಿದ ಇಸವಿಗೊಂದರಂತೆ ಗೂಡು, ಗೂಡಿಗೊಂದು ಬೆಳ್ಳಿ ಕ್ರೋನ. ಇದಕ್ಕೆ ಕೊಂಡ ನಾಣ್ಯ ಸಲ್ಲದು. ಬ್ಯಾಂಕಿನ ಸುರುಳಿಯಿಂದ ಹೆಕ್ಕಿದ್ದೇ ಆಗಬೇಕು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ನಾಣ್ಯವೂ ಈ ತಟ್ಟೆಯಲ್ಲಿ ಕೂತರೆ ಅದರ ಗೌರವವೇ ಬೇರೆ. ಪ್ರತಿ ಗೂಡಿನ ಕೆಳಗೆ ಒಂದು ಪುಟ್ಟ ಚೀಟಿ. ಅದರಲ್ಲಿ ಇಸವಿ, ಹೆಕ್ಕಿದವರ ಹೆಸರು.

ಹೋದ ವರ್ಷ ಮುಮ್ತಾಜ್ ಕೆಲಸ ಮುಗಿಸಿ ಬರುವಾಗ ಗ್ರಂಥಾಲಯಕ್ಕೆ ಹೊಕ್ಕರು. ತಟ್ಟೆಯ ಅರ್ಧಕ್ಕೂ ಹೆಚ್ಚು ನಾಣ್ಯಗಳು ತಮ್ಮ ಗೆರಸೆಯಿಂದ ಹೋದವೇ. ಗುರುತು ಸಿಕ್ಕಿತು. ಒಂದರ ಮೇಲಿನ ಗೀರು ಸಹ ನೆನಪಿತ್ತು. ಕೆಳಗಿನ ಚೀಟಿಗಳನ್ನು ಓದಿದರು. ಹೆಕ್ಕಿದವರು: ಬೆಂಗ್ಟ್. ಹೆಕ್ಕಿದವರು: ಬೆಂಗ್ಟ್. ಹೆಕ್ಕಿದವರು: ಬೆಂಗ್ಟ್.

“ನಂಗೆ ಅಲ್ಲಿ ಮೀಸೆ, ಕೋಟು ಕಂಡಿತು” ಎನ್ನುತ್ತಾರೆ ಮುಮ್ತಾಜ್.

ಈ ಫೆಬ್ರವರಿಯಲ್ಲಿ ಒಂದು ಸುರುಳಿಯೊಳಗೆ ಮುದಿ ಅರಸನ ಮುಖದ ಕ್ರೋನ ಬಂತು. ಇಸವಿ 1944. ತಟ್ಟೆಯಲ್ಲಿ ಖಾಲಿ ಉಳಿದಿದ್ದ ಒಂದೇ ಗೂಡು ಅದು. ಸಂಘದವರು ವರ್ಷಗಟ್ಟಲೆ ಹುಡುಕಿ ಕೈಬಿಟ್ಟಿದ್ದ ಇಸವಿ. ಮುಮ್ತಾಜ್ ಅದನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಅಂಗಡಿಗೆ ಹೋದರು. ತೋರಿಸಿದರು. ಕೊಡಲಿಲ್ಲ.

“ಚೀಟಿಯಲ್ಲಿ ನನ್ನ ಹೆಸರು ಬರೀಬೇಕು. ಹಳೆಯವಕ್ಕೆ ಬೇಡ. ಇದೊಂದಕ್ಕೆ.”

ಬೆಂಗ್ಟ್ ಕನ್ನಡಕ ಒರೆಸಿಕೊಂಡರು. ಅಂಗಡಿಗೆ ಬಂದದ್ದೆಲ್ಲ ಅಂಗಡಿಯ ಹೆಸರಿನಲ್ಲೇ ಹೋಗುವುದು ವಾಡಿಕೆ ಎಂದರು. ನೀವು ಸಂಘದ ಸದಸ್ಯರೂ ಅಲ್ಲವಲ್ಲ ಎಂದರು. ಬೇಕಾದರೆ ಇನ್ನೂ ಐವತ್ತು ಹೆಚ್ಚು ಕೊಡುತ್ತೇನೆ ಎಂದರು.

“ಹಾಗಾದ್ರೆ ಇವತ್ತಿಂದ ನಾನು ಸುರುಳಿ ಮುಟ್ಟುದಿಲ್ಲ” ಎಂದು ಇವರು ಎದ್ದು ಬಂದರು.

ಮನೆಯಲ್ಲಿ ಸಾದಿಕ್ ನಕ್ಕರಂತೆ. “ಒಂದು ಕ್ರೋನಕ್ಕೆ ಮುಷ್ಕರವಾ ಮಾರಾಯ್ತಿ?”

“ಸಾವಿರ ಬೀಡಿಗೆ ನಾಲ್ಕಾಣೆ ಹೆಚ್ಚು ಮಾಡ್ಲಿಕ್ಕೆ ಊರಿಗೆ ಊರೇ ಎಲೆ ಮುಟ್ಟಿರ್ಲಿಲ್ಲ. ಆಗ ನಿಮ್ಮ ಉಮ್ಮನೇ ಮುಂದೆ ಕೂತದ್ದು, ಬ್ರಾಂಚಿನ ಮೆಟ್ಲಲ್ಲಿ. ಮರ್ತೋಯ್ತಾ?”

ಮಾರ್ಚ್ ಪೂರ್ತಿ ಗೆರಸೆ ಗೋಡೆಗೊರಗಿಯೇ ಇತ್ತು. ಅಂಗಡಿಗೆ ಬೆಳ್ಳಿ ಬರುವುದು ನಿಂತಿತು. ತಟ್ಟೆ ಪೂರ್ತಿಯಾಗುತ್ತದೆಂದು ಬೆಂಗ್ಟ್ ಆಗಲೇ ಸಂಘದಲ್ಲಿ ಹೇಳಿಕೊಂಡು ಬಿಟ್ಟಿದ್ದರು. ಏಪ್ರಿಲ್ ಮೊದಲ ವಾರ ಫೋನ್ ಬಂತು: ಚೀಟಿ ಬರೆದಿದ್ದೇನೆ, ನಾಣ್ಯ ತನ್ನಿ.

ಮುಮ್ತಾಜ್ ಶಾಲೆಯಿಂದ ನೇರ ಹೋದರು. ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಚೀಲ. ಫೆಬ್ರವರಿಯಿಂದ ಮನೆಯಲ್ಲೇ ಉಳಿದಿದ್ದ, ನೋಡಿ ಮುಗಿದ ಸುರುಳಿಗಳು ಅದರಲ್ಲಿದ್ದವು. ದಾರಿಯಲ್ಲಿ ಬ್ಯಾಂಕಿಗೆ ಕೊಟ್ಟರಾಯಿತು ಎಂದು ತಂದಿದ್ದರು. ಗಾಜಿನ ಮೇಲೆ ಚೀಟಿ ಸಿದ್ಧವಾಗಿತ್ತು. ಚೆಂದದ ಕೈಬರಹ. 1944. ಹೆಕ್ಕಿದವರು: ಸಾದಿಕ್.

ಇದರಲ್ಲಿ ಮೋಸವಿರಲಿಲ್ಲ. ಸ್ವೀಡನ್ನಿನ ಮನೆಬಾಗಿಲಿನ ಫಲಕಕ್ಕೆ ಮನೆತನದ ಹೆಸರೊಂದು ಬೇಕು. ಮುಮ್ತಾಜರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೇ ಇರಲಿಲ್ಲ. ಅರ್ಜಿ ತುಂಬುವಾಗ ಗಂಡನ ಹೆಸರು ಆ ಜಾಗಕ್ಕೆ ಹೋಯಿತು. ಬಾಗಿಲಲ್ಲಿ ಸಾದಿಕ್, ಟೆಲಿಫೋನ್ ಪುಸ್ತಕದಲ್ಲಿ ಸಾದಿಕ್, ಶಾಲೆಯ ಅಡುಗೆಮನೆಯ ಏಪ್ರನ್ನಿನ ಮೇಲೂ ಸಾದಿಕ್. ಮರ್ಯಾದೆಯಿಂದ ಮನೆತನದ ಹೆಸರೇ ಬರೆಯೋಣವೆಂದು ಮುದುಕರು ಬರೆದಿದ್ದಾರೆ.

ಮೋಸವಿಲ್ಲದೆಯೂ ಒಬ್ಬಳ ಹೆಸರು ಅಳಿಸಿಹೋಗಬಹುದು. ಹೆಚ್ಚಾಗಿ ಅಳಿಯುವುದು ಹಾಗೆಯೇ. ಅಲ್ಲಿ ಧಣಿ, ಇಲ್ಲಿ ಅಂಗಡಿಯವರು, ಅವರು ಬಿಟ್ಟುಕೊಟ್ಟರೆ ಗಂಡ. ಕೈ ಮಾತ್ರ ಅದೇ ಕೈ.

ಮುಮ್ತಾಜ್ ಜಗಳ ಮಾಡಲಿಲ್ಲ. “ಇವರು ಇಂಜಿನ್ ಮಾಡ್ತಾರೆ, ನಾಣ್ಯ ಹೆಕ್ಕುದಿಲ್ಲ” ಎಂದಷ್ಟೇ ಹೇಳಿ ಹೊರಬಂದರು. ಚೌಕ ದಾಟಿ ಎದುರಿನ ಬ್ಯಾಂಕಿನ ಬೆಂಚಿನ ಮೇಲೆ ಕೂತರು. ಒಂದು ಸುರುಳಿ ಬಿಚ್ಚಿ, ಒಂದು ಹೊಸ ಕ್ರೋನ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ಕರವಸ್ತ್ರದ ಗಂಟು ಬಿಚ್ಚಿ 1944ನ್ನು ಅದರ ಜಾಗಕ್ಕೆ ಸೇರಿಸಿದರು. ಕಾಗದ ಸುತ್ತಿ, ಉಗುರಿನಿಂದ ತಲೆ ಮುಚ್ಚಿದರು. ಚೀಲಕ್ಕೆ ಹಾಕಿ ಕಲಸಿದರು. ಕೌಂಟರಿನ ಹುಡುಗಿ ಎಂದಿನಂತೆ ನಗುತ್ತ ತೆಗೆದುಕೊಂಡಳು.

ಬೆಂಗ್ಟ್‌ಗೆ ವಿಷಯ ತಿಳಿದದ್ದು ಮರುದಿನ. ಮುಮ್ತಾಜರೇ ಫೋನ್ ಮಾಡಿ ಹೇಳಿದರು. ಮುದುಕರು ಕೋಟು ಕೂಡ ಹಾಕದೆ ಬ್ಯಾಂಕಿಗೆ ಓಡಿದರಂತೆ. ನಾಣ್ಯದ ಗಾಡಿ ಹಿಂದಿನ ಸಂಜೆಯೇ ಎಲ್ಲ ಒಯ್ದಿತ್ತು. ಕೌಂಟರಿನಲ್ಲಿದ್ದ ಬೇರೆ ಸುರುಳಿಗಳನ್ನಾದರೂ ಕೊಡಿ ಎಂದು ಕೊಂಡೊಯ್ದರು. ಅಂಗಡಿಯ ಮೇಜಿನ ಮೇಲೆ ಒಡೆದು ಹರಡಿ ನೋಡಿದರು. ಸಿಗಲಿಲ್ಲ. ಬಿಚ್ಚಿದ್ದನ್ನು ಮತ್ತೆ ಸುರುಳಿ ಸುತ್ತಲೂ ಬರಲಿಲ್ಲ. ವಾರ ಕಳೆದು ಮುಮ್ತಾಜ್ ಆ ದಾರಿಯಲ್ಲಿ ಹೋಗುವಾಗ ಬಾಗಿಲಿಗೆ ಬಂದು ಕರೆದರು. ಒಂದು ರಾಶಿ ಬಿಡಿ ಕ್ರೋನಗಳ ಮುಂದೆ ಕುರ್ಚಿ ಎಳೆದುಕೊಟ್ಟರು, ಕಾಫಿ ಇಟ್ಟರು.

“ನನ್ನ ಬೆನ್ನು ನೋಯುತ್ತಿದೆ” ಎಂದರು.

“ಬೆನ್ನು ನೋಯುವ ಕೆಲಸವೇ ಇದು” ಎಂದು ಮುಮ್ತಾಜ್ ಕೂತು, ಸುತ್ತುವುದು ಹೇಗೆಂದು ತೋರಿಸಿದರು. ಅಂಗಡಿಯವರು ಅವರಿಗೆ ನಾಣ್ಯದ ಗುರುತು ಕಲಿಸಿದ್ದರು. ಅವರು ಅಂಗಡಿಯವರಿಗೆ ಬೀಡಿಯ ತಲೆ ಮಡಚುವುದನ್ನು ಕಲಿಸಿದರು. ಬೆಂಗ್ಟ್ ಸುತ್ತಿದ ಮೊದಲ ಮೂರು ಸುರುಳಿಗಳನ್ನು ಹಿಸುಕಿ ನೋಡಿ, ಸರಿಯಿಲ್ಲವೆಂದು ಬದಿಗಿಟ್ಟೂ ಬಿಟ್ಟರು. ಇದನ್ನು ಹೇಳುವಾಗ ಮುಮ್ತಾಜರ ಕಣ್ಣಲ್ಲಿ ನೀರು ಬರುವಷ್ಟು ನಗು.

ಪ್ರದರ್ಶನ ಮೊನ್ನೆ ಶನಿವಾರ ಶುರುವಾಗಿದೆ. ಗ್ರಂಥಾಲಯದ ಕಿಟಕಿ ಪಕ್ಕ ಅದೇ ಮರದ ತಟ್ಟೆ. ಗೂಡುಗಳಲ್ಲೆಲ್ಲ ಬೆಳ್ಳಿ, ಒಂದು ಗೂಡು ಖಾಲಿ. ಖಾಲಿ ಗೂಡಿನ ಕೆಳಗೆ ಬೆಂಗ್ಟ್ ಅವರ ಚೆಂದದ ಕೈಬರಹದಲ್ಲಿ ಹೊಸ ಚೀಟಿ: “1944. ಹೆಕ್ಕಿದವರು: ಮುಮ್ತಾಜ್. ನಾಣ್ಯ ಸದ್ಯ ಚಲಾವಣೆಯಲ್ಲಿದೆ.”

ಜನ ನಡೆಯುತ್ತ ಬಂದು ಅಲ್ಲಿ ನಿಲ್ಲುತ್ತಾರೆ. ಬಗ್ಗಿ ಓದುತ್ತಾರೆ. ಒಬ್ಬರಂತೂ ತಮ್ಮ ಪರ್ಸು ತೆರೆದು ಚಿಲ್ಲರೆ ತಿರುವಿ ನೋಡಿದರು. ಸಾದಿಕ್ ಫೋಟೋ ತೆಗೆದಿದ್ದಾರೆ. ಫರಂಗಿಪೇಟೆಗೆ ಕಳಿಸುತ್ತಾರಂತೆ, ಬ್ರಾಂಚಿನ ಮೆಟ್ಟಿಲಲ್ಲಿ ಕೂತಿದ್ದ ತಾಯಿಗೆ.

ಮುಮ್ತಾಜರ ಗೆರಸೆ ಮತ್ತೆ ಮಡಿಲಿಗೆ ಬಂದಿದೆ. ಬೆಳಗ್ಗೆ ಇಪ್ಪತ್ತು ಸುರುಳಿ. ಉಗುರು ತುದಿ ಬಿಡಿಸುತ್ತದೆ, ಅಂಚುಗಳು ಕಿಟಕಿಯ ಕಡೆ ತಿರುಗುತ್ತವೆ. ಅಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನು ಬಿಟ್ಟುಕೊಟ್ಟದ್ದಕ್ಕೆ ಬೇಸರವಿಲ್ಲವೇ ಎಂದರೆ ಕೈ ನಿಲ್ಲಿಸದೆ ಹೇಳುತ್ತಾರೆ:

“ನಾಣ್ಯ ಇದ್ದಿದ್ರೆ ಎಲ್ರೂ ನಾಣ್ಯ ನೋಡಿ ಹೋಗ್ತಿದ್ರು. ಈಗ ಹೆಸರು ಓದ್ತಾರೆ. ಅದು ಎಲ್ಲಿಗೆ ಹೋಗ್ತದೆ ಹೇಳಿ, ಇದೇ ದೇಶದಲ್ಲಿ ಯಾರದ್ದೋ ಕಿಸೆಯಲ್ಲಿ ಉಂಟು. ಒಂದಲ್ಲ ಒಂದು ದಿನ ಸುರುಳಿಗೆ ಬರ್ತದೆ. ಬಂದ್ರೆ ಇಡುವ.”

ಮತ್ತೊಂದು ಸುರುಳಿಯ ತಲೆ ಮುಚ್ಚಿ ಪಕ್ಕಕ್ಕಿಡುತ್ತಾರೆ.

“ಜಾಗ ಉಂಟಲ್ಲ ಈಗ.”