ಕಾರಿನ ಕೆಳಗಿನ ಕಸ

ಗೆಳೆಯರೇ, ರೋಣದ ಬಸ್ ನಿಲ್ದಾಣದ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಪೌರಕಾರ್ಮಿಕರಿಗೆ ಮನೆ ಕಟ್ಟಬಾರದು ಎಂದು ಇವತ್ತು ಬೆಳಿಗ್ಗೆ ತಕರಾರು ಅರ್ಜಿ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಅಳತೆಗೆ ಬಂದ ಎಂಜಿನಿಯರ್‌ಗೆ ನಮ್ಮ ಓಣಿಯ ಹತ್ತಿ ವ್ಯಾಪಾರಿ, "ಇವೆಲ್ಲಾ ದಿನಾ ಓಡಾಡೋ ಗಾಡಿ ಅದಾವ್ರಿ. ಎಲ್ಲಿ ನಿಲ್ಲಸೋಣ್ರಿ?" ಎಂದರು.

ಆ ಜಾಗ ಗುಡಿಸುವ ಯಲ್ಲವ್ವ ಕಸಬರಿಗೆ ಹಿಡಿದು ಅಲ್ಲೇ ಇದ್ದರು. ದಿನಾ ಬೆಳವಣಕಿಯಿಂದ ಮೊದಲ ಬಸ್ಸಿಗೆ ಬರುವವರು; ಮನೆ ಸಿಗುವವರ ಪಟ್ಟಿಯಲ್ಲಿ ಅವರ ಹೆಸರಿದೆ.

"ಸಾವ್ಕಾರ್ರ, ಓಡಾಡೋ ಗಾಡಿ ಹೋದ ಮ್ಯಾಲ ಅದರ ಜಾಗಾ ನಾ ಹಸನ ಮಾಡ್ತೀನ್ರಿ. ನಿಮ್ಮ ಗಾಡಿ ಬುಡಕ ದೀಪಾವಳಿ ಪಟಾಕಿ ಕಾಗದ ಇನ್ನೂ ಹಂಗ ಬಿದ್ದೈತಿ. ಬಗ್ಗಿ ನೋಡ್ರಿ."

ಎಂಜಿನಿಯರ್ ಬಗ್ಗಿದರು. ಕೆಂಪು ಕಾಗದದ ಚೂರುಗಳ ಮೇಲೆ ಬೆಕ್ಕೊಂದು ಮರಿ ಹಾಕಿತ್ತು. ಸಾಹುಕಾರರು ಫೋನ್ ಬಂತೆಂದು ಆಚೆ ಹೋದರು.

ಯಲ್ಲವ್ವ ಬಿಡಲಿಲ್ಲ. ಸಾಲಿನುದ್ದಕ್ಕೂ ನಡೆದು, ಅಲುಗದ ಗಾಡಿಗಳನ್ನೆಲ್ಲ ಕಸಬರಿಗೆಯಿಂದ ತೋರಿಸುತ್ತ ಬಂದರು. ಆರನೆಯದು ನನ್ನದು. ಸಂತೆಗೂ ದವಾಖಾನೆಗೂ ನಡೆದೇ ಹೋಗುವ ಮನುಷ್ಯ ನಾನು. ಅರ್ಜಿಯನ್ನು ಮಡಚಿ ಜೇಬಿಗಿಟ್ಟು, ಈಗಲೇ ತೆಗೆಯುತ್ತೇನೆ ಎಂದು ಕಾರು ಹತ್ತಿದೆ. ಸ್ಟಾರ್ಟ್ ಆಗಲಿಲ್ಲ.

ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಸೆರಗು ಸಿಕ್ಕಿಸಿ, ಯಲ್ಲವ್ವ ಹಿಂದಿನಿಂದ ತಳ್ಳತೊಡಗಿದರು.

"ನೀವ್ಯಾಕ ತ್ರಾಸ ತಗೋತೀರಿ?" ಎಂದೆ.

"ಇರಲಿ ಬಿಡ್ರಿ ಸರ್. ನನ್ನ ಅಡಗಿಮನಿ ಖಾಲಿ ಮಾಡಾಕತ್ತೀನಿ."